ನೀಲಿ ಡ್ರಮ್ಮಿನ ತೂಕ

ಅಳತೆಯವನಿಗೆ ತಕ್ಕಡಿ ಇರಲಿಲ್ಲ. ಬೇಕೆಂದು ಎರಡು ಸಲ ಕಚೇರಿಗೆ ಬರೆದಿದ್ದ, ಎರಡು ಸಲವೂ ಉತ್ತರ ಬರಲಿಲ್ಲ. ಇದ್ದದ್ದು ಒಂದು ಉಕ್ಕಿನ ಟೇಪು, ಡ್ರಮ್ಮು ಬಡಿದು ನೋಡಲು ಒಂದು ಬೆತ್ತ, ನದಿ ದಡದ ತಗಡಿನ ಕೋಣೆಯ ಗೋಡೆಗೆ ಬರೆಸಿದ್ದ ಒಂದು ಪಟ್ಟಿ. ದೋಣಿ ಹತ್ತುವ ಪ್ರತಿ ಸರಕಿನ ತೂಕವನ್ನೂ ಅವನು ಇವಿಷ್ಟರಿಂದಲೇ ಹೇಳಬೇಕಿತ್ತು. ಉದ್ದ, ಅಗಲ, ಎತ್ತರ ಗುಣಿಸಿದರೆ ಗಾತ್ರ. ಗಾತ್ರವನ್ನು ಪಟ್ಟಿಯ ಅಂಕಿಯಿಂದ ಗುಣಿಸಿದರೆ ತೂಕ.

ಪಟ್ಟಿಯಲ್ಲಿ ಒಂದು ಘನ ಮೀಟರಿಗೆ ಇಷ್ಟು ಕಿಲೋ ಎಂದು ಕಪ್ಪು ಬಣ್ಣದಲ್ಲಿ ಬರೆದಿತ್ತು. ನೀರು ಸಾವಿರ. ಹಾಲು ಸಾವಿರದ ಮೂವತ್ತು. ಸೀಮೆಎಣ್ಣೆ ಎಂಟುನೂರು. ಒಣ ಮರಳು ಸಾವಿರದ ಆರುನೂರು, ಹಸಿ ಮರಳು ಸಾವಿರದ ಒಂಬೈನೂರು. ಇದ್ದಿಲು ಇನ್ನೂರೈವತ್ತು. ಮರದ ಹೊಟ್ಟು ಇನ್ನೂರು. ಕಾಕಂಬಿ ಸಾವಿರದ ನಾನೂರು. ಹೀಗೆ ನಲವತ್ತು ಸಾಲು. ಹನ್ನೊಂದು ವರ್ಷದಿಂದ ಅವನು ಅದರ ಕಡೆ ಕತ್ತೆತ್ತಿ ನೋಡಿರಲಿಲ್ಲ, ಎಲ್ಲ ಬಾಯಿಪಾಠ. ಊಟಕ್ಕೆ ಕೂತರೆ ತಟ್ಟೆಯಲ್ಲಿದ್ದುದರ ತೂಕ ಹೇಳಿಯೇ ಬಾಯಿಗಿಡುತ್ತಾನೆ ಎಂದು ಅವನ ಭಾವ ನಗುತ್ತಿದ್ದ.

"ನನ್ನ ತೂಕ ಹೇಳೋ ನೋಡೋಣ" ಎಂದು ಹೊಟ್ಟೆ ತಟ್ಟಿಕೊಳ್ಳುತ್ತಿದ್ದ.

"ನಿನ್ನನ್ನ ಯಾವ ಲೆಕ್ಕಕ್ಕೆ ಹಾಕ್ಲಿ ಭಾವ, ಹಸಿ ಮರಳಾ, ಒಣ ಮರಳಾ?"

"ನಿಮ್ಮಕ್ಕನ ಮುಂದೆ ಬರೀ ಹೊಟ್ಟು. ಹಾಗೇ ಬರಕೋ."

ಭಾವ ಅಂದರೆ ಅವನ ಅಕ್ಕನ ಗಂಡ. ಅದೇ ದಡದಲ್ಲಿ ದೋಣಿ ನಡೆಸುತ್ತಿದ್ದ. ಎಂಟು ತಿಂಗಳ ಹಿಂದೆ ಹಳೆಯ ದೋಣಿ ನದಿಯ ತಿರುವಿನಲ್ಲಿ ಮುಳುಗಿದಾಗ ಅದರ ಜೊತೆಗೇ ಹೋದ. ಅವನ ಜೊತೆ ಇನ್ನೂ ಹದಿಮೂರು ಜನ ಹೋದರು.

ಹೊಸ ದೋಣಿ ಬಂದು ನಾಲ್ಕು ತಿಂಗಳಾಗಿತ್ತು. ಕಬ್ಬಿಣದ ಚಪ್ಪಟೆ ದೋಣಿ, ಹದಿನೆಂಟು ಮೀಟರು ಉದ್ದ. ಹಳೆಯ ದೋಣಿಯ ಪಕ್ಕೆಯ ಮೇಲಿನ ಗೀಟು ಟಾರು ಬಳಿದು ಬಳಿದು ಮುಚ್ಚಿಹೋಗಿತ್ತು. ಹೊಸದಕ್ಕೆ ಬಿಳಿಯ ಗೀಟು ಹೊಳೆಯುತ್ತಿತ್ತು. ನೀರು ಆ ಗೀಟು ಮುಟ್ಟಿದರೆ ದೋಣಿಯ ಹೊರೆ ಮುಗಿಯಿತು ಎಂದರ್ಥ. ಗೀಟಿನ ಕೆಳಗೆ ಟನ್ನಿಗೊಂದರಂತೆ ಸಣ್ಣ ಗುರುತುಗಳು. ದೋಣಿ ಒಂದು ಬೆರಳು ಇಳಿದರೆ ಸಾವಿರದ ಇನ್ನೂರು ಕಿಲೋ ಹತ್ತಿದೆ ಎಂದು ತಯಾರಿಸಿದವರು ಹೇಳಿಹೋಗಿದ್ದರು.

ಹೊಸ ದೋಣಿಗೆ ಹೊಸ ಚಾಲಕ. ಯಾವಾಗಲೂ ತುಟಿ ಚೂಪು ಮಾಡಿ ಸೀಟಿ ಹೊಡೆಯುತ್ತಿದ್ದುದರಿಂದ ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ಅವನು ತಗಡಿನ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತ.

"ಏನಯ್ಯಾ ಅಳತೆ, ಎಷ್ಟು ಬರೆದಿದ್ದೀಯ ಹಾಳೇಲಿ?"

"ಒಂಬತ್ತು ಟನ್ನು. ನೂರೆಂಬತ್ತು ಚೀಲ ಸಿಮೆಂಟು, ಐವತ್ತರ ಲೆಕ್ಕ."

"ಹನ್ನೆರಡೂವರೆ ದಾಟಿದೆ ಗುರುತು. ಬಂದು ನೋಡು."

ಅಳತೆಯವನು ಹೋಗಿ ನೋಡಿದ. ನೀರು ಒಂಬತ್ತರ ಗುರುತಿಗಿಂತ ಮೇಲೆ ನಿಂತಿತ್ತು. ಕೂತು ಕೈ ಅದ್ದಿ ಬೆರಳಿಟ್ಟು ನೋಡಿದ. ಒಂದು, ಎರಡು, ಮೂರು. ಸರಿಯಾಗಿ ಮೂರು ಬೆರಳು.

"ಎಲ್ಲೋ ತೂತಿರಬೇಕು" ಎಂದ.

"ಒಳಗೆ ಇಳಿದು ನೋಡಿಯೇ ಬಂದದ್ದು. ಇಲಿ ಉಚ್ಚೆ ಹೊಯ್ದಷ್ಟೂ ನೀರಿಲ್ಲ."

ಚೀಲ ಎಣಿಸಿದರು, ನೂರೆಂಬತ್ತೇ ಇದ್ದವು. ಹಮಾಲರು ಬೈದುಕೊಳ್ಳುತ್ತ ಎಲ್ಲವನ್ನೂ ಇಳಿಸಿದರು. ಖಾಲಿ ದೋಣಿ ಹತ್ತಿಯಂತೆ ಮೇಲೆದ್ದು ಸರಿಯಾದ ಗುರುತಿಗೆ ನಿಂತಿತು. ಮತ್ತೆ ಹೇರಿದರು. ಮತ್ತೆ ಮೂರು ಬೆರಳು.

"ಯಾರೋ ಟಿಕೆಟ್ ತಗೊಳ್ದೆ ಹತ್ತಿದ್ದಾರೆ" ಎಂದು ಸೀಟಿ ನಕ್ಕ. ಅಳತೆಯವನು ನಗಲಿಲ್ಲ. ಮೂರು ಬೆರಳಿಗೆ ಎಷ್ಟು ಕಿಲೋ ಎಂದು ಅವನು ಆಗಲೇ ಗುಣಿಸಿದ್ದ. ಹನ್ನೊಂದು ವರ್ಷದ ಚಾಳಿ, ಬೇಡವೆಂದರೂ ತಲೆ ಗುಣಿಸುತ್ತಿತ್ತು. ಮೂರು ಸಾವಿರದ ಆರುನೂರು.

ಅಲ್ಲಿಂದ ಪ್ರತಿದಿನವೂ ಅದೇ ಕತೆ. ಅಳತೆ ತಪ್ಪಿದ್ದರೆ ಸರಕಿನ ಜೊತೆ ತಪ್ಪೂ ಹೆಚ್ಚುಕಡಿಮೆಯಾಗಬೇಕು. ಇಲ್ಲಿ ಹೊಟ್ಟು ಹೇರಿದರೂ ಮೂರು ಬೆರಳು, ಜಲ್ಲಿ ಹೇರಿದರೂ ಮೂರು ಬೆರಳು. ಒಂದು ದಿನ ಬರೀ ಹತ್ತು ಚೀಲ ಇದ್ದಿಲು ಹತ್ತಿಸಿ ಹಾಳೆಗೆ ಸಹಿ ಹಾಕಿದ. ಸಹಿ ಹಾಕುವವರೆಗೆ ದೋಣಿ ನಿಂತಲ್ಲೇ ನಿಂತಿತ್ತು. ಸಹಿಯ ಕೊನೆಯ ಗೆರೆ ಎಳೆದು ತಲೆಯೆತ್ತಿದಾಗ ತಗ್ಗಿತ್ತು. ಸದ್ದಿಲ್ಲ, ಅಲುಗಾಟವಿಲ್ಲ. ಪಕ್ಕಕ್ಕೆ ಒಂದು ಸಣ್ಣ ಅಲೆ ಮಾತ್ರ ಬಂದು ದಡದ ಕಲ್ಲಿಗೆ ತಾಗಿತು.

ಆಮೇಲೆ ಜ್ವರ ಬಂದು ಮೂರು ದಿನ ಮಲಗಿದ. ಆ ಮೂರು ದಿನ ಸೀಟಿಯೇ ಟೇಪು ಹಿಡಿದು, ಪಟ್ಟಿ ನೋಡಿ, ಬೆರಳು ಮಡಚಿ ಲೆಕ್ಕ ಮಾಡಿ ಬರೆದ. ವಾಪಸು ಬಂದವನಿಗೆ ಹೇಳಿದ: "ನೋಡಯ್ಯಾ, ನಾನು ಬರೆದಾಗ ದೋಣಿ ಕೂದಲೆಳೆ ಆಚೆ ಈಚೆ ಆಗಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು."

"ಪಟ್ಟಿ ನೋಡಿದ್ದೆಯಲ್ಲ, ಸರಿ ಬಂದಿರುತ್ತೆ."

"ನೀನೂ ಅದೇ ಪಟ್ಟಿ ತಾನೇ? ನಿನ್ನ ಕೈಗುಣವೇ ಸರಿ ಇಲ್ಲ ಕಣೋ."

ತಮಾಷೆಗೆ ಅಂದದ್ದು. ಆದರೂ ಅಳತೆಯವನು ಅಂದು ಮನೆಗೆ ಹೋಗಿ ಎಷ್ಟೋ ಹೊತ್ತು ತನ್ನ ಬಲಗೈ ನೋಡುತ್ತ ಕೂತ. ಆ ಕೈ ಬರೆದದ್ದು ಅವನೊಬ್ಬನಿಗೇ ಗೊತ್ತಿತ್ತು.

ನಡೆದದ್ದು ಇಷ್ಟು. ಆ ದಡದಲ್ಲಿ ಬಿಗಿದ ಡ್ರಮ್ಮಿನ ಬಿರಡೆ ತೆಗೆಯುವ ಕ್ರಮ ಇರಲಿಲ್ಲ. ಬೆತ್ತದಿಂದ ಬಡಿದು ತುಂಬಿದೆಯೋ ಇಲ್ಲವೋ ನೋಡುವುದು, ಬಣ್ಣ ನೋಡಿ ಒಳಗಿನದನ್ನು ಬರೆಯುವುದು. ನೀಲಿ ಅಂದರೆ ಸೀಮೆಎಣ್ಣೆ, ಕೆಂಪು ಅಂದರೆ ಡೀಸೆಲ್ಲು, ಹಸಿರು ಅಂದರೆ ಅಡುಗೆ ಎಣ್ಣೆ. ಹಳೆಯ ದೋಣಿ ಮುಳುಗಿದ ದಿನ ಮಧ್ಯಾಹ್ನ ಲಾರಿಯೊಂದು ಮೂವತ್ತು ನೀಲಿ ಡ್ರಮ್ಮು ಇಳಿಸಿತು, ಅದರ ಚಾಲಕ ಸರಕಿನ ವಿವರದ ಕಾಗದ ಮಡಚಿ ಕೈಗಿಟ್ಟು ಹೋದ. ಅಳತೆಯವನು ಅದನ್ನು ಬಿಚ್ಚದೆ ಜೇಬಿಗೆ ತುರುಕಿಕೊಂಡ. ಇನ್ನೂರು ಲೀಟರಿನ ಡ್ರಮ್ಮು, ಸೀಮೆಎಣ್ಣೆಗೆ ನೂರರವತ್ತು ಕಿಲೋ, ಮೂವತ್ತಕ್ಕೆ ನಾಲ್ಕು ಸಾವಿರದ ಎಂಟುನೂರು. ಬಿಸಿಲು ನೆತ್ತಿ ಸುಡುತ್ತಿತ್ತು. ಜನ ಹತ್ತಲು ಕಾದಿದ್ದರು.

ದಿನವೂ ಇಬ್ಬರು ಹಮಾಲರು ಉರುಳಿಸುತ್ತಿದ್ದ ಡ್ರಮ್ಮಿಗೆ ಅಂದು ಮೂರನೆಯವನೂ ಕೈ ಕೊಟ್ಟ. ಹಲಗೆ ಕಿರ್ ಎಂದಿತು.

"ಅಣ್ಣಾ, ಇವತ್ತಿನ ಸೀಮೆಎಣ್ಣೆ ಚೆನ್ನಾಗಿ ಉಂಡ್ಕೊಂಡು ಬಂದಿದೆ" ಎಂದ ಒಬ್ಬ, ಏದುಸಿರು ಬಿಡುತ್ತ.

"ನೀನು ಉಂಡಿಲ್ಲ, ಅದಕ್ಕೆ ಹಾಗನ್ನಿಸುತ್ತೆ" ಎಂದ ಅಳತೆಯವನು. ಎಲ್ಲರೂ ನಕ್ಕರು.

ಒಳಗಿದ್ದದ್ದು ಕಾಕಂಬಿ, ಸಕ್ಕರೆ ಕಾರ್ಖಾನೆಯ ಅಂಟು ಪಾಕ. ಯಾರೋ ಹಳೆಯ ಸೀಮೆಎಣ್ಣೆ ಡ್ರಮ್ಮುಗಳನ್ನು ತೊಳೆದು ತುಂಬಿಸಿದ್ದರು. ಇನ್ನೂರು ಲೀಟರು ಕಾಕಂಬಿ ಅಂದರೆ ಇನ್ನೂರೆಂಬತ್ತು ಕಿಲೋ. ಡ್ರಮ್ಮಿಗೆ ನೂರಿಪ್ಪತ್ತು ಹೆಚ್ಚು. ಮೂವತ್ತಕ್ಕೆ ಮೂರು ಸಾವಿರದ ಆರುನೂರು.

ದೋಣಿ ತಿರುವಿಗೆ ಹೋಗಿ ಅಡ್ಡ ಸೆಳೆತಕ್ಕೆ ಸಿಕ್ಕಿ ಒಂದು ಮಗ್ಗುಲಿಗೆ ಕುಸಿಯಿತು. ಹೇರಿದ ಹಮಾಲರೇ ಆಚೆ ದಡದಲ್ಲಿ ಇಳಿಸಬೇಕೆಂಬುದು ಅಲ್ಲಿನ ಪದ್ಧತಿ. ಹಾಗಾಗಿ ಮೂವರೂ ದೋಣಿಯಲ್ಲೇ ಇದ್ದರು, ಮೂವರೂ ಸತ್ತರು. ಸಂಜೆ ನಾಲ್ಕೂವರೆಗೆ ಎಲ್ಲರೂ ನೀರಿನಲ್ಲಿ ಹುಡುಕುತ್ತಿದ್ದಾಗ ಅಳತೆಯವನು ತಗಡಿನ ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕದ ಹಾಳೆ ಕಿತ್ತ. ಹೊರಡುವ ಮುನ್ನ ಒಟ್ಟು ತೂಕವನ್ನು ಆಚೆ ದಡಕ್ಕೆ ಫೋನಿನಲ್ಲಿ ಹೇಳುವ ನಿಯಮವಿತ್ತು. ಆದ್ದರಿಂದ ಒಟ್ಟು ಬದಲಾಗುವಂತಿರಲಿಲ್ಲ. ಹೊಸ ಹಾಳೆಯಲ್ಲಿ ಬರೆದ: ಕಾಕಂಬಿ, ಹದಿನೇಳು ಡ್ರಮ್ಮು, ನಾಲ್ಕು ಸಾವಿರದ ಏಳುನೂರ ಅರವತ್ತು. ಇತರೆ, ನಲವತ್ತು. ಒಟ್ಟು ಸರಿ ಬಂತು.

ಆಮೇಲೆ ತಿರುವಿನ ನೀರು ವಾರಗಟ್ಟಲೆ ಕಂದು ಬಣ್ಣಕ್ಕಿತ್ತು. ಮೀನು ಸತ್ತು ಹೊಟ್ಟೆ ಮೇಲೆ ಮಾಡಿ ತೇಲಿದವು. ದಡದ ಕೆಸರಿಗೆ ಇರುವೆ ಸಾಲುಗಟ್ಟಿ ಬಂದವು. ನದಿಗೆ ಇರುವೆ ಹತ್ತಿದ್ದನ್ನು ಊರಿನವರು ಅದೇ ಮೊದಲು ಕಂಡದ್ದು. ಕ್ರೇನು ಬಂದು ಡ್ರಮ್ಮು ಎತ್ತಿತು. ಎಣಿಸಿದರು: ಮೂವತ್ತು. ಹಾಳೆಯಲ್ಲಿದ್ದದ್ದು ಹದಿನೇಳು. ಉಳಿದ ಹದಿಮೂರನ್ನು ಮುಂದಿನ ಸರದಿಗೆ ಬಿಡದೆ, ಯಾರಿಗೂ ಹೇಳದೆ, ಕೈಬಿಸಿಯ ಆಸೆಗೆ ದೋಣಿ ನಡೆಸುವವನೇ ಹತ್ತಿಸಿಕೊಂಡ ಎಂದು ವರದಿ ಆಯಿತು. ಸತ್ತವನು ಎದ್ದು ಬಂದು ಇಲ್ಲ ಎನ್ನುವಂತಿರಲಿಲ್ಲ.

ಅಕ್ಕನ ಮನೆ ಬಾಗಿಲ ಮೇಲೆ ಯಾರೋ ಇದ್ದಿಲಿನಲ್ಲಿ ಹದಿಮೂರು ಎಂಬ ಅಂಕಿ ಬರೆದರು. ಅವಳು ತೊಳೆದಳು, ಮತ್ತೆ ಬರೆದರು. ಮೂರನೆಯ ಸಲ ಅವಳು ತೊಳೆಯಲಿಲ್ಲ. ಒಂಬತ್ತು ವರ್ಷದ ಮಗಳನ್ನು ಶಾಲೆಯಲ್ಲಿ ಮಕ್ಕಳು ಹದಿಮೂರು ಎಂದೇ ಕರೆದವು. ಅಕ್ಕ ಒಂದೇ ಒಂದು ಸಲ ತಮ್ಮನನ್ನು ಕೇಳಿದ್ದಳು: "ನಿನ್ನ ಅಳತೆ ಸರಿಯಾಗೇ ಇತ್ತಲ್ವೇನೋ?"

"ಇತ್ತಕ್ಕ."

"ಹಾಗಿದ್ರೆ ಇವರು ಯಾಕೆ ಹೀಗೆ ಮಾಡಿದ್ರೋ" ಎಂದಳು. ಆಮೇಲೆ ಕೇಳಲಿಲ್ಲ. ತಮ್ಮನ ಅಳತೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ. ತಾಯಿ ಸತ್ತ ಮೇಲೆ ಅವನಿಗೆ ಮಗ್ಗಿ ಕಲಿಸಿದ್ದೂ ಅವಳೇ, ತಪ್ಪಿದಾಗ ಕಿವಿ ಹಿಂಡಿದ್ದೂ ಅವಳೇ.

ಹೊಸ ದೋಣಿ ತಗ್ಗತೊಡಗಿದ ಮೇಲೆ ಅಳತೆಯವನು ಒಂದು ಉಪಾಯ ಮಾಡಿದ. ದಿನವೂ ಮೂರೂವರೆ ಟನ್ನು ಕಡಿಮೆ ಹೇರಿದ. ದಡದಲ್ಲಿ ಸರಕು ಗುಡ್ಡೆ ಬಿತ್ತು. ವ್ಯಾಪಾರಿಗಳು ಬಾಯಿಗೆ ಬಂದದ್ದು ಬೈದರು. ಒಂದು ಶನಿವಾರ ಜನ ಹೆಚ್ಚಾಗಿ ನೀರು ಗೀಟಿಗೆ ಮುಟ್ಟಿತು. ಸೀಟಿ ಹಗ್ಗ ಬಿಚ್ಚುವುದಿಲ್ಲ ಎಂದು ಕೂತುಬಿಟ್ಟ. ಹದಿನೈದು ಜನರನ್ನು ಇಳಿಸಬೇಕಾಯಿತು. ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸೊಬ್ಬಳು ಇಳಿಯುತ್ತ, "ಒಂದು ಮುಳುಗಿಸಿ ಆಯ್ತು, ಈಗ ಹತ್ತೋಕೂ ಬಿಡಲ್ಲ" ಎಂದು ನೆಲಕ್ಕೆ ಉಗಿದಳು.

ಅದೇ ಮಧ್ಯಾಹ್ನ ಕಚೇರಿಯ ಸಾಹೇಬರು ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಕರ್ಚೀಫು. ಬಾಗಿ ಗೀಟು ನೋಡಿದರು, ಹಾಳೆ ನೋಡಿದರು, ಗೋಡೆ ನೋಡಿದರು.

"ಪಟ್ಟಿ ತಪ್ಪಾ?"

"ಪಟ್ಟಿ ಸರಿ ಇದೆ ಸಾಹೇಬ್ರೇ."

"ಅಳತೆ ತಪ್ಪಾ?"

"ಅದೂ ಸರಿ ಇದೆ."

"ಎರಡೂ ಸರಿ ಅಂದ್ಮೇಲೆ ಗೀಟೇ ತಪ್ಪು. ಮೂರು ಬೆರಳು ಮೇಲಕ್ಕೆ ಬರೆಸಿಬಿಡೋಣ. ಸೋಮವಾರ ಬಣ್ಣದವನು ಬರ್ತಾನೆ. ಅವತ್ತಿಂದ ಪೂರ್ತಿ ಹೊರೆ. ಮೇಲಿನವರಿಗೆ ನಾನು ಉತ್ತರ ಹೇಳ್ಬೇಕು."

"ಗೀಟು ಮೇಲೆ ಹೋದ್ರೆ ದೋಣಿ ಮೇಲೆ ಹೋಗಲ್ಲ ಸಾಹೇಬ್ರೇ" ಎಂದ ಸೀಟಿ.

"ನಿನ್ನನ್ನ ಕೇಳಲಿಲ್ಲ" ಎಂದು ಸಾಹೇಬರು ಕರ್ಚೀಫಿನಿಂದ ಬೆರಳು ಒರೆಸಿಕೊಂಡು ಹೋದರು.

ಅವರು ಹೋದ ಮೇಲೆ ಸೀಟಿ ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಮೊದಲ ಬಾರಿಗೆ ತುಟಿ ಚೂಪು ಮಾಡಿರಲಿಲ್ಲ. "ಪೂರ್ತಿ ಹೊರೆ, ಮೇಲೆ ಈ ಮೂರು ಬೆರಳು. ಆ ತಿರುವಿನಲ್ಲಿ ನಿಲ್ಲಲ್ಲ ಇದು" ಎಂದ. "ನಂಗೆ ಎರಡು ಮಕ್ಕಳು ಕಣೋ. ನಿಂಗೆ ಏನಾದ್ರೂ ಗೊತ್ತಿದ್ರೆ ಹೇಳಿಬಿಡು. ಏನೋ ಗೊತ್ತಿರೋ ಮುಖ ನಿಂದು."

ಅಳತೆಯವನು ಕೋಣೆಗೆ ಹೋಗಿ, ನಡು ನೀರಿನ ದೋಣಿಯನ್ನು ವಾಪಸು ಕರೆಯುವ ಸೈರನ್ನಿನ ಹಗ್ಗದ ಕೆಳಗೆ ಕೂತು ಟೇಪು ಸುತ್ತಿಟ್ಟ. ಮೂಲೆಯಲ್ಲಿ ನಾಲ್ಕು ಖಾಲಿ ಡ್ರಮ್ಮು ನಿಂತಿದ್ದವು. ಏನೂ ತೋಚದೆ ಬೆತ್ತದಿಂದ ಒಂದನ್ನು ಬಡಿದ. ಖಾಲಿ ಡ್ರಮ್ಮು ಗಂಟೆಯಂತೆ ಕೂಗಬೇಕು. ಅದು ಧಪ್ ಎಂದಿತು, ಬಾಯಿಯವರೆಗೆ ತುಂಬಿದಂತೆ. ಬಿರಡೆ ಬಿಚ್ಚಿ ಬೆತ್ತ ಇಳಿಸಿ ನೋಡಿದ. ಒಣ ತಗಡು. ಉಳಿದ ಮೂರನ್ನು ಬಡಿಯುವ ಧೈರ್ಯ ಬರಲಿಲ್ಲ.

ಭಾನುವಾರ ಸಂಜೆ ಅಕ್ಕನ ಮನೆಗೆ ಹೋದ. ಹೇಳಲೇಬೇಕೆಂದು ಹೋದದ್ದಲ್ಲ, ಮನೆಯಲ್ಲಿ ಕೂರಲಾಗದೆ ಹೋದ. ಅಕ್ಕ ನೆಲದ ಮೇಲೆ ಕೂತು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ಈಗ ಅವಳಿಗಿದ್ದ ಕೆಲಸ ಅದೊಂದೇ. ಚೀಲ ತಂದುಕೊಡುವವನೂ ಬೀದಿಯ ತುದಿಯಲ್ಲೇ ಇಟ್ಟು ಹೋಗುತ್ತಿದ್ದ. ಮಗಳು ಬಾಗಿಲ ಚಿಲಕಕ್ಕೆ ಬಟ್ಟೆ ನೇತುಹಾಕುವ ತಂತಿ ಸಿಕ್ಕಿಸಿ, ಅದರ ಎರಡು ತುದಿಗೆ ಎರಡು ಬಾಟಲಿ ಕಟ್ಟಿ, ನಾಲಿಗೆ ಕಚ್ಚಿಕೊಂಡು ನೋಡುತ್ತಿದ್ದಳು.

"ಮಾಮ, ಬಾ ಇಲ್ಲಿ. ಟೀಚರು ಒಂದು ಲೀಟರು ಅಂದ್ರೆ ಒಂದು ಕಿಲೋ ಅಂದ್ರು. ಸುಳ್ಳು ಅಲ್ವಾ?"

"ನೀರಿಗೆ ನಿಜ. ಬೇರೆದಕ್ಕೆ ಅಲ್ಲ."

"ನೋಡು, ಎರಡೂ ಒಂದೇ ಬಾಟಲಿ. ಎರಡಕ್ಕೂ ಗಂಟಲವರೆಗೆ ತುಂಬಿಸಿದ್ದೀನಿ. ಇದರಲ್ಲಿ ಎಣ್ಣೆ, ಇದರಲ್ಲಿ ಸಕ್ಕರೆ ಪಾಕ. ಪಾಕ ಹೇಗೆ ಬಗ್ಗಿಬಿಡ್ತು ನೋಡು!"

"ಅರ್ಧ ಡಬ್ಬಿ ಸಕ್ಕರೆ ಸುರಿದಿದ್ದಾಳೆ ನಿನ್ನ ಸೊಸೆ" ಎಂದಳು ಅಕ್ಕ, ಸೂಜಿ ಬಾಯಲ್ಲಿಟ್ಟುಕೊಂಡು. "ನಿನ್ನ ಥರವೇ. ತೂಕದ ಹುಚ್ಚು." ಎದ್ದು ಹೋಗಿ ಟೀ ಮಾಡಿ ತಂದಳು. ಅಳತೆಯವನು ಲೋಟ ಎತ್ತಿದ. ಕೈಗೆ ಇಟ್ಟಿಗೆಯಷ್ಟು ಭಾರವಾಯಿತು. ಎರಡು ಕೈಯಲ್ಲಿ ಹಿಡಿದು ಕುಡಿದ.

"ಬಾಟಲಿ ಬಣ್ಣದ್ದಾಗಿದ್ರೆ ಯಾವುದು ಏನು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಲ್ವಾ ಮಾಮ?" ಎಂದಳು ಹುಡುಗಿ. "ಎತ್ತಿ ನೋಡಿದ್ರೆ ಗೊತ್ತಾಗ್ತಿತ್ತು."

ಅಕ್ಕ ಚೀಲದಿಂದ ಕಣ್ಣೆತ್ತಿದಳು. ತಮ್ಮನ ಮುಖ ನೋಡಿದಳು. "ಯಾಕೋ ಹೀಗೆ ಬೆವರ್ತಿದ್ದೀಯ?"

"ಅಕ್ಕ, ಹದಿಮೂರು ಸುಳ್ಳು."

"ಏನು ಸುಳ್ಳು?"

"ಭಾವ ಒಂದು ಡ್ರಮ್ಮೂ ಹೆಚ್ಚಿಗೆ ಹತ್ತಿಸಲಿಲ್ಲ. ಮೂವತ್ತನ್ನೂ ನಾನೇ ಹತ್ತಿಸಿದ್ದು. ನೀಲಿ ಡ್ರಮ್ಮು ನೋಡಿ ಸೀಮೆಎಣ್ಣೆ ಅಂತ ಬರೆದೆ. ಆಮೇಲೆ ಹಾಳೆ ಬದಲಾಯಿಸಿದೆ."

ಅಕ್ಕ ಬಾಯಿಂದ ಸೂಜಿ ತೆಗೆದು ಗೋಣಿಗೆ ಚುಚ್ಚಿಟ್ಟಳು. ಹುಡುಗಿ ಇಬ್ಬರನ್ನೂ ನೋಡಿದಳು. ಅಳತೆಯವನು, "ಪುಟ್ಟೀ, ಸ್ವಲ್ಪ ಹೊರಗೆ ಹೋಗಿ ಆಡ್ಕೋ" ಎಂದ.

"ಅವಳು ಎಲ್ಲೂ ಹೋಗಲ್ಲ" ಎಂದಳು ಅಕ್ಕ. "ಹೊರಗೆ ಯಾರ ಜೊತೆ ಆಡ್ತಾಳೆ? ಕೇಳಿಸ್ಕೊಳ್ಳಲಿ. ಅವಳ ಹೆಸರಲ್ವಾ ಅದು ಈಗ." ದನಿ ಏರಿರಲಿಲ್ಲ. ಅದಕ್ಕೇ ಅಳತೆಯವನಿಗೆ ಭಯವಾದದ್ದು. "ಹೊರಡೋ ಮುಂಚೆ ಅವರು ಏನಾದ್ರೂ ಕೇಳಿದ್ರಾ ನಿನ್ನನ್ನ?"

"ದೋಣಿ ಯಾಕೋ ಭಾರ ಅನ್ನಿಸ್ತಿದೆ, ಇನ್ನೊಂದು ಸಲ ನೋಡೋ ಅಂದ."

"ನೀನು?"

"ಲೆಕ್ಕ ಮಾಡಿಯೇ ಬರೆದಿದ್ದೀನಿ ಭಾವ, ನಡಿ ಅಂದೆ."

"ನಡೆದ್ರು."

"ಹೂಂ."

"ಕಾಕಂಬಿ ಅಂತ ನಿಂಗೆ ಯಾವಾಗ ಗೊತ್ತಾಯ್ತು? ಮುಳುಗಿದ ಮೇಲಾ?"

ಅಳತೆಯವನು ಇದನ್ನು ಯಾರೂ ಕೇಳಲಾರರು ಎಂದುಕೊಂಡಿದ್ದ. ಎಂಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು.

"ಮುಂಚೆ" ಎಂದ. "ದೋಣಿ ಇನ್ನೂ ನಡು ನೀರಿನಲ್ಲಿತ್ತು. ಬೀಡಿಗೆ ಅಂತ ಜೇಬಿಗೆ ಕೈ ಹಾಕಿದೆ, ಲಾರಿಯವನ ಕಾಗದ ಬಂತು. ಬಿಚ್ಚಿ ಓದಿದೆ."

"ಓದಿ?"

"ಗುಣಿಸೋಕೆ ಕೂತೆ. ಎಷ್ಟು ಹೆಚ್ಚಾಗಿದೆ ಅಂತ."

"ಎಷ್ಟು ಹೊತ್ತು ಗುಣಿಸಿದೆ?"

"ಎರಡು ಮೂರು ನಿಮಿಷ. ಎರಡು ಸಲ ಮಾಡಿದೆ. ತಪ್ಪಿರಬಹುದು ಅಂತ."

"ಸೈರನ್ನಿನ ಹಗ್ಗ ಎಲ್ಲಿತ್ತು?"

"ತಲೆ ಮೇಲೆ."

"ಕೈಗೆ ಸಿಗೋ ಹಾಗಿತ್ತಾ?"

"ಸಿಗ್ತಿತ್ತು. ಎಳೆದಿದ್ರೆ ಭಾವ ದೋಣಿ ತಿರುಗಿಸ್ತಿದ್ದ. ತಿರುವು ಇನ್ನೂ ದೂರ ಇತ್ತು. ಲೆಕ್ಕ ಮುಗಿಸಿ ತಲೆ ಎತ್ತಿದಾಗ ದೋಣಿ ಕಾಣಲಿಲ್ಲ."

ತಂತಿಗೆ ಕಟ್ಟಿದ ಬಾಟಲಿಗಳು ಬಾಗಿಲಿಗೆ ತಾಗಿ ಟಿಕ್ ಎನ್ನುತ್ತಿದ್ದವು.

"ಲೆಕ್ಕ ಸರಿ ಬಂತಾ?" ಎಂದು ಕೇಳಿದಳು ಅಕ್ಕ.

"ಬಂತು."

ಅವಳು ಅಳಲಿಲ್ಲ, ಬೈಯಲಿಲ್ಲ, ಹೊಡೆಯಲೂ ಇಲ್ಲ. ಹೊಡೆದಿದ್ದರೆ ಅವನು ಕೆನ್ನೆ ಕೊಟ್ಟು ಕೂರುತ್ತಿದ್ದ. ಮಗಳನ್ನು ಹತ್ತಿರ ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಅಷ್ಟು ದೊಡ್ಡ ಹುಡುಗಿಯ ಕಾಲು ನೆಲಕ್ಕೆ ತಾಗುತ್ತಿತ್ತು. ಹುಡುಗಿ ಅವನನ್ನೇ ದಿಟ್ಟಿಸಿ, "ಮಾಮ, ನಮ್ಮಪ್ಪ ಕಳ್ಳ ಅಲ್ವಾ ಹಾಗಾದ್ರೆ?" ಎಂದಳು.

"ಅಲ್ಲ ಪುಟ್ಟಿ."

"ನೀನು ನಾಳೆ ಶಾಲೆಗೆ ಬಂದು ಹೇಳ್ತೀಯಾ?"

"ಕಚೇರಿ ಎಷ್ಟಕ್ಕೆ ತೆಗೀತಾರೆ?" ಅಕ್ಕ ನಡುವೆ ಬಾಯಿ ಹಾಕಿದಳು.

"ಹತ್ತಕ್ಕೆ."

"ಒಂಬತ್ತೂವರೆಗೆ ನಾನು ಅಲ್ಲಿರ್ತೀನಿ. ನೀನು ಬರದೇ ಇದ್ರೆ ನಾನೇ ಹೇಳ್ತೀನಿ. ಈಗ ಹೋಗು." ಅವನು ಎದ್ದ. ಹಿಂದಿನಿಂದ ಅವಳ ಮಾತು ಬಂತು: "ಲೋಟ ತೊಳೆದಿಟ್ಟು ಹೋಗು."

ಆ ಮನೆಯಲ್ಲಿ ಅವನು ಇಷ್ಟು ವರ್ಷದಲ್ಲಿ ಒಂದು ಲೋಟ ತೊಳೆದವನಲ್ಲ. ಅವಳು ತೊಳೆಯಲು ಬಿಟ್ಟವಳಲ್ಲ. ಬಚ್ಚಲಿಗೆ ಹೋಗಿ ತೊಳೆದು, ಬೋರಲು ಹಾಕಿ, ಬಾಗಿಲಿನಲ್ಲಿ ತಲೆ ತಗ್ಗಿಸಿ ತೂಗುತ್ತಿದ್ದ ಬಾಟಲಿಗಳ ಕೆಳಗೆ ನುಸುಳಿ ಹೊರಬಂದ.

ಸೋಮವಾರ ಒಂಬತ್ತೂಕಾಲಿಗೆ ಅವನು ಕಚೇರಿಯ ಮೆಟ್ಟಿಲ ಮೇಲಿದ್ದ. ಅಕ್ಕ ಅವನಿಗಿಂತ ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಬಾಗಿಲು ತೆರೆದಾಗ ಅವನ ಹಿಂದೆ ಒಳಬಂದು ಸಾಹೇಬರ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತಳು.

ಸಾಹೇಬರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇದು ಮುಗಿದ ಕಡತ ಕಣಯ್ಯಾ. ನಾನು ಸಹಿ ಹಾಕಿದ್ದೀನಿ. ಮೇಲಿನವರು ಹಾಕಿದ್ದಾರೆ. ಈಗ ಇದನ್ನ ಬಿಚ್ಚಿದ್ರೆ ಎಷ್ಟು ಜನರ ಕುತ್ತಿಗೆಗೆ ಬರುತ್ತೆ ಗೊತ್ತಾ? ಹೋದವರು ಹೋದ್ರು. ನಿನ್ನ ಭಾವನಿಗೆ ಇನ್ನು ಇದರಿಂದ ಏನಾಗ್ಬೇಕು?"

"ಅವರಿಗೆ ಏನೂ ಆಗ್ಬೇಕಿಲ್ಲ" ಎಂದಳು ಅಕ್ಕ. "ನೀವು ಬರೀರಿ ಸಾಹೇಬ್ರೇ. ಎಷ್ಟು ಹೊತ್ತಾದ್ರೂ ಕೂತಿರ್ತೀನಿ. ಊರಲ್ಲಿ ನಂಗೆ ಬೇರೆ ಎಲ್ಲೂ ಕೂರೋಕೆ ಯಾರೂ ಜಾಗ ಕೊಡಲ್ಲ, ಇಲ್ಲಿ ಕುರ್ಚಿ ಚೆನ್ನಾಗಿದೆ."

ಸಾಹೇಬರು ಅಳತೆಯವನ ಕಡೆ ತಿರುಗಿದರು. "ಜೈಲಾಗುತ್ತೆ, ಗೊತ್ತಾ?"

"ಗೊತ್ತು. ಬಣ್ಣದವನನ್ನ ಮೊದಲು ನಿಲ್ಲಿಸಿ ಸಾಹೇಬ್ರೇ. ಗೀಟು ಮೇಲೆ ಬರೆದ್ರೆ ಇವತ್ತೇ ಪೂರ್ತಿ ಹೊರೆ ಹಾಕ್ತಾರೆ."

ಸಾಹೇಬರು ಫೋನೆತ್ತಿ ದಡಕ್ಕೆ ಮಾತಾಡಿದರು. ಆಚೆಯಿಂದ ಸೀಟಿಯ ದನಿ ಕೋಣೆಗೆಲ್ಲ ಕೇಳಿಸುವಷ್ಟು ಜೋರಾಗಿತ್ತು: ಬಣ್ಣದವನು ಡಬ್ಬಿ ತೆಗೆದಿದ್ದಾನೆ, ಇನ್ನೂ ಬಳಿದಿಲ್ಲ, ನಿಲ್ಲಿಸುತ್ತೇನೆ, ಇವತ್ತಿನ ಹಾಳೆ ಯಾರು ಬರೆಯಬೇಕು?

"ನೀನೇ ಬರಿ" ಎಂದು ಸಾಹೇಬರು ಫೋನಿಟ್ಟರು.

ಹೇಳಿಕೆಯನ್ನು ಅವನ ಕೈಯಲ್ಲೇ ಬರೆಸಿದರು. ನಾಲ್ಕು ಹಾಳೆ ಆಯಿತು. ಲಾರಿಯವನ ಕಾಗದವನ್ನು ಎಂಟು ತಿಂಗಳಿಂದ ಹರಿಯಲೂ ಆಗದೆ ಸುಡಲೂ ಆಗದೆ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದ. ಅದನ್ನೂ ಜೊತೆಗೆ ಸೇರಿಸಿ ಪಿನ್ನು ಹೊಡೆದರು. ಸೈರನ್ನಿನ ಹಗ್ಗದ ವಿಷಯ ಬರೆಯಬೇಕಿಲ್ಲ, ಅದನ್ನು ಯಾರೂ ಕೇಳಿಲ್ಲ ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಅಕ್ಕ ಅವನ ಪೆನ್ನನ್ನೇ ನೋಡುತ್ತಿದ್ದಳು. ಅವನು ಅದನ್ನೂ ಬರೆದ.

ಕಿಟಕಿಯಿಂದ ನದಿ ಕಾಣುತ್ತಿತ್ತು. ಹತ್ತೂ ಮುಕ್ಕಾಲಿಗೆ ದೋಣಿ ದಡ ಬಿಟ್ಟಿತು, ತುಂಬಾ ಜನ ಇದ್ದರು. ಅಳತೆಯವನು ಕಣ್ಣು ಕಿರಿದು ಮಾಡಿ ನೋಡಿದ. ಗೀಟು ಕಾಣುವಷ್ಟು ಹತ್ತಿರ ಇರಲಿಲ್ಲ. ತಿರುವಿನಲ್ಲಿ ದೋಣಿ ಒಂದು ಗಳಿಗೆ ನಿಧಾನಿಸಿತು. ಆಮೇಲೆ ತಿರುಗಿ ಆಚೆ ದಡದ ಕಡೆ ಹೋಯಿತು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಅವನು, "ಅಕ್ಕಾ" ಎಂದ. ಅವಳು ಸಾಹೇಬರಿಗೆ ಮಾತ್ರ "ಬರ್ತೀನಿ" ಎಂದು ಹೇಳಿ ಹೊರಟುಹೋದಳು. ಅದಾದ ಮೇಲೆ ಅವಳು ಅವನೊಂದಿಗೆ ಮಾತಾಡಿದ್ದಿಲ್ಲ.

ಪೊಲೀಸರು ಬರುವುದರೊಳಗೆ ಕೊನೆಯ ಹಾಳೆ ಒಂದು ಬಾಕಿ ಇತ್ತು. ಹಳೆಯ ವರದಿಯಲ್ಲಿ ನಷ್ಟದ ಪಟ್ಟಿ ಅವನ ಸುಳ್ಳು ಅಂಕಿಯ ಮೇಲೆ ನಿಂತಿತ್ತು, ಅದನ್ನು ತಿದ್ದಿ ಬರೆಯಬೇಕಿತ್ತು. ಅವನು ಪೆನ್ನು ತೆಗೆದುಕೊಂಡು, ಯಾವ ಪಟ್ಟಿಯನ್ನೂ ನೋಡದೆ ಬರೆದ:

ದೋಣಿ ಒಂದು. ದೋಣಿ ನಡೆಸುವವನು ಒಬ್ಬ. ಹಮಾಲರು ಮೂವರು. ಪ್ರಯಾಣಿಕರು ಹತ್ತು ಮಂದಿ, ಅವರಲ್ಲಿ ಹೆಂಗಸರು ಆರು, ಮಕ್ಕಳು ಇಬ್ಬರು. ಒಂದು ಮಗುವಿನ ದೇಹ ಸಿಕ್ಕಿಲ್ಲ. ಸೈಕಲ್ಲು ಒಂಬತ್ತು. ಮೇಕೆ ನಾಲ್ಕು. ಕಾಕಂಬಿ, ನೀಲಿ ಡ್ರಮ್ಮು ಮೂವತ್ತು, ಆರು ಸಾವಿರ ಲೀಟರು, ಎಂಟು ಸಾವಿರದ ನಾನೂರು ಕಿಲೋ.